ಟಿಪ್ಪಿನ ಲೆಕ್ಕ

ಒಂದು ಟಿಪ್ಪಿಗೆ ಎಂಟು ಮೂಲೆ.
ಈ ಮಗ್ಗುಲಿಗೆ ನಾಲ್ಕು, ಮಗುಚಿದರೆ ನಾಲ್ಕು.
ಎಂಟೂ ಸವೆಸಿ ತಂದರೆ ಮಾತ್ರ ಹೊಸದು,
ಇದು ನನ್ನ ಕಿಟಕಿಯ ಕಾನೂನು.
ಅಂತರಸನಹಳ್ಳಿ, ಎರಡನೇ ಅಡ್ಡರಸ್ತೆ,
ಎಡಗಡೆ ಮೂರನೇ ಶೆಡ್ಡು, ಟೂಲ್ ಸ್ಟೋರು.

ಕಳೆದ ವಾರ ಅಲ್ಲಾಬಕ್ಷ್ ಒಬ್ಬನೇ
ನಲವತ್ತು ಟಿಪ್ಪು ಒಯ್ದ.
ಇಪ್ಪತ್ತೇ ಸಾಕಿತ್ತು.
ಮ್ಯಾನೇಜರು ಪುಸ್ತಕ ತಿರುವಿ
ನನ್ನ ಮುಖ ನೋಡಿದರು, ಅವನ ಜೇಬು ನೋಡಿದರು.
ಕಾರ್ಬೈಡು ಗುಜರಿಗೆ ಹಾಕಿದರೂ ಕಾಸು,
ಎಲ್ಲರಿಗೂ ಗೊತ್ತು.

ಬಿಸ್ಕತ್ತಿನ ಡಬ್ಬಿ ತೆಗೆದು
ಸವೆದವನ್ನೆಲ್ಲ ಹಾಳೆಯ ಮೇಲೆ ಸುರಿದೆ.
ವಾಚು ರಿಪೇರಿ ಮಾಡುತ್ತಿದ್ದ ಅಪ್ಪನ ಮಸೂರ
ಕಣ್ಣಿಗೆ ಸಿಕ್ಕಿಸಿಕೊಂಡೆ.

ಬೂದು ಬೀಡುಕಬ್ಬಿಣ ಕಡಿದ ಟಿಪ್ಪು ಬೇರೆ.
ಅದರಲ್ಲಿ ಸುರುಳಿ ಏಳುವುದಿಲ್ಲ, ಪುಡಿ ಉದುರುತ್ತದೆ,
ರಾಗಿಹಿಟ್ಟಿಗೆ ಮಸಿ ಕಲೆಸಿದ ಹಾಗೆ.
ಸೀನಿದರೆ ಕರಿ, ಉಗುಳಿದರೆ ಕರಿ,
ಟಿಪ್ಪಿಗೆ ಮಾತ್ರ ಸುಖ. ಪಕ್ಕೆ ನಿಧಾನಕ್ಕೆ ಸವೆದು
ಹಳೇ ಮೆಟ್ಟಿನ ಹಿಮ್ಮಡಿಯಂತೆ ಒಂದೇ ಸಮ ನಯ.

ಎಸ್‌.ಜಿ. ಬೀಡು ಹಾಗಲ್ಲ.
ಅದರೊಳಗಿನ ಗ್ರಾಫೈಟು ಪದರವಲ್ಲ, ಗುಂಡು,
ಸಾಸಿವೆ ಕಾಳು. ಸುಲಭಕ್ಕೆ ಬಿಟ್ಟುಕೊಡದು.
ಎಳೆಯುತ್ತದೆ, ಕಾಯುತ್ತದೆ,
ಟಿಪ್ಪಿನ ನೆತ್ತಿಯಲ್ಲಿ ಗುಣಿ ತೋಡುತ್ತದೆ,
ತನ್ನದೇ ಚೂರನ್ನು ಅಂಚಿಗೆ ಅಂಟಿಸಿ ಹೋಗುತ್ತದೆ.

ಬಿಳಿ ಬೀಡನ್ನು ಯಾರೂ ಕೇಳಿ ತರಿಸಿದ್ದಲ್ಲ.
ಎರಕದ ತೆಳು ಮೂಲೆ ಗಡಿಬಿಡಿಯಲ್ಲಿ ತಣಿದರೆ
ಅಲ್ಲಿ ತಾನೇ ಗಾಜಾಗುತ್ತದೆ.
ಟಿಪ್ಪು ತಗುಲಿದ್ದೇ ಚಿಟ್!
ಆ ಸದ್ದಿಗೆ ಶೆಡ್ಡೇ ತಿರುಗಿ ನೋಡುತ್ತದೆ,
ಲೇತು ನಿಲ್ಲಿಸುವ ಕೈ ಅದಕ್ಕೂ ಮುಂಚೆ ಹೋಗಿರಬೇಕು.

ಡಬ್ಬಿಯ ನಲವತ್ತರಲ್ಲಿ ಗುಣಿಯಿಲ್ಲ, ಒಡಕಿಲ್ಲ.
ಬೂದು ಬೀಡಿನದೇ ಸವೆತ,
ಆದರೆ ಎರಡು ಪಟ್ಟು ಬೇಗ.
ಮುನ್ನೂರ ಇಪ್ಪತ್ತು ಮೂಲೆ ಎಣಿಸಿದೆ,
ಒಂದೂ ಹೊಸದು ಉಳಿದಿರಲಿಲ್ಲ.
"ಇದು ಕಳ್ಳತನ ಅಲ್ಲ ಸಾರ್."
"ಮತ್ತೇನು?"
ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಇದ್ದದ್ದು ಗಂಗಹನುಮಯ್ಯನ ಹತ್ತಿರ.
ಮೂವತ್ತು ವರ್ಷ ಟರ್ನರು, ಈಗ ಗೇಟಿನಲ್ಲಿ ಕೂತು
ಲಾರಿ ನಂಬರು ಬರೆಯುತ್ತಾನೆ.
"ಮುಂಚೆ ಎರಕ ಬಂದು ಹತ್ತು ದಿನ ಅಂಗಳದಾಗೆ ಬಿದ್ದಿರೋದು.
ಈಗ ನೆನ್ನೆ ಹುಯ್ದಿದ್ದು ಇವತ್ತು ಚಕ್ಕಿಗೆ ಏರುತ್ತೆ.
ಹಸಿ ಬೀಡು ಕಣವ್ವ.
ಮುಟ್ಟಿದ್ರೆ ತಣ್ಣಗಿರುತ್ತೆ, ಒಳಗೆ ಇನ್ನೂ ಏನೋ ಕೂತ್ಕೊಂತಾ ಇರುತ್ತೆ.
ಹೆತ್ತವಳನ್ನ ಮಾರನೇ ದಿನ ಕಳೆ ಕೀಳಾಕೆ ಕಳಿಸ್ತಾರಾ?"

ಮ್ಯಾನೇಜರು ನಂಬಲಿಲ್ಲ. ನಂಬದೆಯೇ
ಇಪ್ಪತ್ತು ಬ್ರೇಕ್ ಡ್ರಮ್ಮು ಹೊಂಗೆಮರದಡಿ ಇಡಿಸಿದರು.
ಸೀಮೆಸುಣ್ಣದಲ್ಲಿ ತಾರೀಖು ಬರೆದವಳು ನಾನು.
ಅಲ್ಲಾಬಕ್ಷ್ ನನ್ನ ಜತೆ ಮಾತು ಬಿಟ್ಟಿದ್ದ.
ಆ ದಿನ ಅವನ ಜೇಬು
ನಾನೂ ನೋಡಿದ್ದೆ.

ಇವತ್ತಿಗೆ ಎಂಟು ದಿನ.
ಡ್ರಮ್ಮುಗಳಿಗೆ ತೆಳ್ಳಗೆ ತುಕ್ಕು ಕೂತಿದೆ,
ಒಂದರೊಳಗೆ ನಾಯಿಮರಿ ಮುದುರಿ ಮಲಗಿದೆ.
ತಾರೀಖು ಅರ್ಧ ಅಳಿಸಿದೆ, ತಿದ್ದಬೇಕು.

ಸಂಜೆ ಪಾಳಿಗೆ ಅವನು ಕಿಟಕಿಗೆ ಬಂದ.
ಸವೆದದ್ದನ್ನು ಹಲಗೆಯ ಮೇಲಿಟ್ಟು
ಒಂದೊಂದೇ ಮೂಲೆ ಬೆಳಕಿಗೆ ತಿರುಗಿಸಿ ತೋರಿಸಿದ,
ನಾನು ಕೇಳಿರಲಿಲ್ಲ.
ಆರು. ಏಳು.
ಎಂಟು.
ಹೊಸದು ಕೊಟ್ಟೆ.