ಮೇಲಿನ ಪದರಕ್ಕೆ ಮಾತ್ರ

ಬಿಸ್ಕತ್ತಿನ ಡಬ್ಬಿಯಲ್ಲಿ ನಲವತ್ತೊಂದು ಕಿಲ್ಟು ಪಿನ್ನು:
ಕತ್ತಿ, ಮುಳ್ಳುಹೂ, ಕೊಂಬು ಮುರಿದ ಸಾರಂಗ,
ಉಲ್ಲಾಪೂಲಿನ ಸಂತೆಯಲ್ಲಿ ಚೌಕಾಸಿ ಮಾಡಿ ತಂದ
ತವರದ ಮೀನು.

‘ಎರಡೂ ಪದರ ಸೇರಿಸಿ ಚುಚ್ಚಬಾರದು,’
ಮುರ್ಡೊ ಮೊಮ್ಮಗಳಿಗೆ ಹೇಳುತ್ತಾನೆ,
‘ಕೂತರೆ ಹರಿಯುತ್ತೆ.
ಇದು ಕೂಡಿಸೋ ಪಿನ್ನಲ್ಲ ಮರಿ,
ಬರೀ ಭಾರ. ಗಾಳಿಗೆ.’

ಎಫಿಯ ತಂಗಿಗೆ ಇವತ್ತು ಮದುವೆ, ಅರವತ್ತೆಂಟರಲ್ಲಿ.
ನೆರಿಗೆಗೆ ಇಸ್ತ್ರಿಯಾಗಿದೆ, ಬೂಟು ಮಿಂಚುತ್ತಿದೆ.
ಡಬ್ಬಿ ಕೆದಕಿ ಕೆದಕಿ
ತಳದಿಂದ ಅವನು ಎತ್ತಿದ್ದು
ಎಫಿ ಕೂಸಿನ ಲಂಗೋಟಿಗೆ ಚುಚ್ಚುತ್ತಿದ್ದ ಪಿನ್ನು,
ತಲೆಯ ಮೇಲೆ
ನೀಲಿ ಪ್ಲಾಸ್ಟಿಕ್ ಬಾತುಕೋಳಿ.

ಚರ್ಚಿನ ಬಾಗಿಲಲ್ಲಿ ಕಡಲಗಾಳಿ.
ಬಾತುಕೋಳಿಗೆ ಎಲ್ಲಿಯ ಭಾರ?
ಕಿಲ್ಟು ಎದ್ದೇಬಿಟ್ಟಿತು.
ಪಾದ್ರಿ ಆಕಾಶ ನೋಡಿದರು.
ಮೊಮ್ಮಗಳು ಓಡಿಬಂದು
ಅಂಚು ಹಿಡಿದು ನಿಂತಳು,
ಫೋಟೋ ಮುಗಿಯುವವರೆಗೂ.