ಕಲ್ನಾರು

ಹೂವಿನ ಕೂಡ ನಾರೂ ಸ್ವರ್ಗಕ್ಕೆ ಹೋಯಿತಂತೆ.
ಯಾವ ನಾರು, ಯಾರ ಕೂಡ ಎಂದು
ಬೆಟಗೇರಿಯಲ್ಲಿ ಯಾರೂ ಕೇಳಿರಲಿಲ್ಲ.

ನಮ್ಮದು ಮಗ್ಗದ ಶೆಡ್ಡು. ನಾಲ್ಕು ಪವರ್‌ಲೂಮು,
ಮೇಲೆ ಅಪ್ಪ ಹಾಕಿಸಿದ ಸಿಮೆಂಟ್ ತಗಡು, ಇಪ್ಪತ್ತೆಂಟು.
ಮಗ್ಗದ ಖಟಖಟಕ್ಕೆ ಮಾಡು ನಡುಗುವುದು,
ನಡುಗಿದಾಗೊಮ್ಮೆ ಸೀರೆಯ ಅಂಚಿನ ಮೇಲೆ
ಹಿಟ್ಟಿನಂಥದೇನೋ ಉದುರುವುದು.
ಅವ್ವ ಸೆರಗಿನಿಂದ ಕೊಡವುವಳು.
ನೂಲಿನ ಧೂಳೆಂದೇ ಲೆಕ್ಕ.
ಧೂಳಿಗೆ ಜಾತಿ ಕೇಳುವವರು ಯಾರು?

ಧಾರವಾಡದಿಂದ ಬಂದ ಜೀನತ್ ಅತ್ತಾರ ಕೇಳಿದಳು.
ಏಣಿ ಹತ್ತಿ, ಒಡೆದ ಮೂಲೆಗೆ ನೀರು ಚಿಮುಕಿಸಿ,
ಇಕ್ಕಳದಲ್ಲಿ ಉಗುರಿನಷ್ಟು ಚೂರು ಮುರಿದುಕೊಂಡು,
ಚೀಲದೊಳಗಿನ ಚೀಲಕ್ಕೆ ಹಾಕಿ ಬಾಯಿ ಕಟ್ಟಿ,
ಮುರಿದ ಜಾಗಕ್ಕೆ ಬಣ್ಣ ಬಳಿದು ಇಳಿದಳು.
ಎಂಟು ದಿನಕ್ಕೆ ಫೋನು: "ಐತ್ರಿ.
ಬಿಳಿ ಕಲ್ನಾರು. ನೂರಕ್ಕ ಹನ್ನೆರಡು ಪಾಲು."

ಕಲ್ಲು. ನಾರು.
ನೇಕಾರರ ಮಗಳು ನಾನು,
ಆ ಪದವನ್ನು ಬಾಯೊಳಗೆ ಹೊರಳಿಸಿ ನೋಡಿದೆ.
ರೇಷ್ಮೆಗಿಂತ ಸಣ್ಣ ಎಳೆಯಂತೆ,
ಸುಡುವುದಿಲ್ಲವಂತೆ, ಕೊಳೆಯುವುದಿಲ್ಲವಂತೆ,
ಉಸಿರನ್ನೇ ಹಾಸು ಮಾಡಿ ತಾನು ಹೊಕ್ಕಾಗಿ
ಮೂವತ್ತು ವರ್ಷ ಸದ್ದಿಲ್ಲದೆ ನೇಯುವುದಂತೆ.

ತೆಗೆಯಲು ಗೈಬೂಸಾಬನನ್ನೇ ಕರೆದೆವು. ಹಾಕಿದವನೂ ಅವನೇ.
ತಮ್ಮನ ಮಕ್ಕಳಿಬ್ಬರನ್ನು ಹಿಂದಿಟ್ಟುಕೊಂಡು
ಸುತ್ತಿಗೆ ಹಿಡಿದೇ ಬಂದ:
"ಹೊತ್ತ ಮುಣುಗೂದ್ರಾಗ ಬಯಲ ಮಾಡಿ ಕೊಡ್ತೀನಿ."
ಜೀನತ್ ಸುತ್ತಿಗೆ ಇಸಿದುಕೊಂಡು ಪಾನಾ ಕೊಟ್ಟಳು.
"ಒಡಿಬ್ಯಾಡ ಚಾಚಾ. ಮೊದಲ ತೋಯ್ಸು. ಸಾಬೂನ ನೀರು,
ಮಳಿ ಹಂಗಲ್ಲ, ಇಬ್ಬನಿ ಹಂಗ.
ತಗಡಿನ ಮ್ಯಾಲ ಕಾಲ ಇಡಬ್ಯಾಡ್ರಿ, ಹಲಿಗಿ ಹಾಸ್ರಿ.
ಒಂದೊಂದ ನಟ್ಟ ಬಿಚ್ಚಿ ಇಡೀ ತಗಡ ಇಳಸ್ರಿ,
ನಿದ್ದಿ ಹತ್ತಿದ ಕೂಸಿನ್ನ ಮಲಗಿಸಿದಂಗ."

ಮಗ್ಗಗಳಿಗೆ ಪ್ಲಾಸ್ಟಿಕ್ ಹೊದಿಸಿದೆವು. ಓಣಿಗೆ ಹಗ್ಗ ಕಟ್ಟಿ
ಹುಡುಗರನ್ನು ಅಟ್ಟಿದೆವು. ಅಟ್ಟಿದಷ್ಟೂ ಬಂದರು,
ಬಿಳಿ ನಿಲುವಂಗಿ, ಹಂದಿಮೂತಿಯ ಮುಖವಾಡ ನೋಡಲು.
"ವಲ್ಲಿ ಸುತಗೊಂಡ್ರ ಸಾಲೂದಿಲ್ಲೇನು?"
"ಸಾಲೂದಿಲ್ಲ."

ಸಂಜೆ ಅವಳೆಂದಳು:
"ನಿಲುವಂಗಿ ಇಲ್ಲೇ ಬಿಚ್ಚಿ ಚೀಲಕ್ಕ ಹಾಕ್ರಿ,
ಇಲ್ಲೇ ಜಳಕಾ ಮಾಡ್ರಿ.
ಈ ಧೂಳ ಮನಿಗೆ ಒಯ್ಬ್ಯಾಡ್ರಿ."

ಗೈಬೂಸಾಬನ ಕೈ ಕೊರಳ ಹತ್ತಿರ ನಿಂತಿತು.
"ಎಪ್ಪತ್ತೊಂಬತ್ತರಾಗ ಗರಗಸಾ ಹಚ್ಚಿ ಕೊಯ್ತಿದ್ದೆ, ಬೇಟಿ.
ಗಡ್ಡಾ ಮೀಸಿ ಎಲ್ಲಾ ಬೆಳ್ಳಗ. ಮನಿಗೆ ಹೋದ್ರ
ಮುದುಕ ಬಂದಾ ಅಂತ ನಗಾಕಿ ನನ್ನಾಕಿ.
ಬಾಗಲದಾಗ ನಿಂತು ಅಂಗಿ ಝಾಡಿಸಿ ಝಾಡಿಸಿ ಒಗಿಯಾಕಿ."
ಪಾನಾ ತಿರುವುತ್ತಿದ್ದ ಸ್ವಲ್ಪ ಹೊತ್ತು,
ಗಾಳಿಯಲ್ಲಿ, ಇಲ್ಲದ ನಟ್ಟಿಗೆ.
"ಕಡೀಕಡೀಗೆ ಉಸಿರ ಹತ್ತತಿದ್ದಿಲ್ಲ ಅಕಿಗೆ.
ದವಾಖಾನ್ಯಾಗ ಕೇಳಿದ್ರು, ಬೀಡಿ ಸೇದತಿದ್ಲೇನು ಅಂತ.
ಅಕಿ ಎಂದೂ ಏಣಿ ಸೈತ ಹತ್ತಿದಾಕಿ ಅಲ್ಲ."

ಜೀನತ್ ಏನೂ ಹೇಳಲಿಲ್ಲ.
ಆ ಅಂಗಿಯ ಚೂರು ಯಾವ ಚೀಲದಲ್ಲೂ ಉಳಿದಿಲ್ಲ.
ಒದ್ದೆ ಅರಿವೆಯಿಂದ ಅವನ ಹುಬ್ಬು ಒರೆಸಿದಳು, ಎರಡು ಸಲ,
ಅರಿವೆಯನ್ನೂ ಚೀಲಕ್ಕೆ ಹಾಕಿದಳು.

ಎರಡೆರಡು ಸುತ್ತು ದಪ್ಪ ಪ್ಲಾಸ್ಟಿಕ್ಕು, ಕೆಂಪಕ್ಷರದ ಚೀಟಿ;
ಇಪ್ಪತ್ತೆಂಟೂ ಲಾರಿ ಹತ್ತಿದವು,
ವಿಷದ ಕಸ ಹುಗಿಯುವ ದೂರದ ಗುಂಡಿಗೆ.
ತಡೀರಿ ಎಂದು ಒಳಗೆ ಓಡಿದೆ.
ಟ್ರಂಕಿನಲ್ಲಿ, ಗುಂಡಿ ಪಿನ್ನುಗಳ ಡಬ್ಬಿಯಲ್ಲಿ
ನನ್ನ ಕುಂಟಬಿಲ್ಲೆ:
ಇದೇ ಮಾಡಿನ ಒಡಕು, ಬಾವಿಕಟ್ಟೆಗೆ ತಿಕ್ಕಿ ತಿಕ್ಕಿ
ದುಂಡು ಮಾಡಿದ್ದು.
ಎಸೆಯುವ ಮೊದಲು ಊದುತ್ತಿದ್ದೆವು, ಆಟ ಕೈಹಿಡಿಯಲೆಂದು.
ಊದಿ, ಎದೆ ತುಂಬ ಉಸಿರೆಳೆದು,
ಒಂದೇ ಕಾಲಲ್ಲಿ ಏಳು ಮನೆ.

"ನೀರ ಚಿಮುಕ್ಸರಿ ಅಕ್ಕಾ" ಎಂದಳು ಜೀನತ್.
ಚಿಮುಕಿಸಿದೆ.