ಕೊಂಬಿನ ಜಾಗದಲ್ಲಿ ಗುಡಿಸು

ಬಂದ ಇಪ್ಪತ್ನಾಲ್ಕು ಗಂಟೆಯೊಳಗೆ ಫಾರಂ ಸಿ.
ಸೈಬರ್ ಅಂಗಡಿಯ ಹುಡುಗ ಒಂದೊಂದೇ ಓದಿದ,
ನಾನು ಹೂಂ ಅಂದೆ:
ಹೆಸರು ನಕಾಟೊ, ಊರು ಮಸಾಕ, ಉಗಾಂಡ,
ಯಾಕೆ ಬಂದಳು, ಎಲ್ಲಿಯತನಕ.
ಇಷ್ಟೆಲ್ಲ ನನ್ನ ಸ್ವಂತ ನಾದಿನಿಯ ಬಗ್ಗೆ
ನನಗೆ ಇವತ್ತಿಗೂ ಗೊತ್ತಿಲ್ಲ.
ಬಾಡಿಗೆ ಎರಡು ಸಾವಿರ ಹೆಚ್ಚಿಗೆ ಹೇಳಿದೆ.
ಎಲ್ಲರೂ ಹೇಳುತ್ತಾರೆ, ಹೊರಮಾವಿನಲ್ಲಿ.
ಅದನ್ನು ತುಂಬುವ ಕಾಲಂ ಫಾರಮಿನಲ್ಲಿ ಇರಲಿಲ್ಲ.

ಬಿ.ಫಾರ್ಮಾ ಓದುವವಳು.
ಕನ್ನಡ ಕಲಿತದ್ದು ಬಸ್ಸಿನ ಬೋರ್ಡಿನಿಂದ,
ಅಕ್ಕಿಯ ಚೀಲದಿಂದ,
ನನ್ನ ಬೈಗುಳದಿಂದ ಸ್ವಲ್ಪ.
ಕಾಗುಣಿತ ನಾನೇ ತಿದ್ದಿಸಿದೆ, ಕ್ಯಾಲೆಂಡರಿನ ಹಿಂದೆ.
ಇಪ್ಪತ್ತೆರಡು ವರ್ಷ ಗಾರ್ಮೆಂಟಿನಲ್ಲಿ
ಕಾಲರು ಹೊಲಿದ ಬೆರಳಿಗೆ ಗೊತ್ತು
ಗೆರೆ ಎಲ್ಲಿ ತಿರುಗಬೇಕು ಅಂತ:
ತಲೆಯ ಮೇಲೆ ಕೂತರೆ ಗುಡಿಸು,
ಪಕ್ಕಕ್ಕೆ ಇಳಿದರೆ ಕೊಂಬು.

ಆ ಮಾರ್ಚಿನಲ್ಲಿ ಬೋರು ಬತ್ತಿತು.
ಕಾವೇರಿ ಪೈಪು ಹೂತು ಮೂರು ವರ್ಷ;
ನಲ್ಲಿ ತಿರುಗಿಸಿದರೆ ಬರೀ ಉಸಿರು, ಉಬ್ಬಸದವರ ಹಾಗೆ.
ಟ್ಯಾಂಕರಿನವನು ಫೋನೆತ್ತಲಿಲ್ಲ.
ಎತ್ತಿದ ದಿನ ಎರಡೂವರೆ ಸಾವಿರ ಅಂದ.
ಮನೆಗೆ ಎಂಟು ಕೊಡ ಅಂತ ಬೀದಿಯ ಲೆಕ್ಕ.
ತನ್ನ ಎಂಟು ಹೊತ್ತಳು ನಕಾಟೊ,
ನನ್ನ ಎಂಟೂ ಹೊತ್ತಳು.

ತಾರಸಿಯ ಮೇಲೆ ಸಭೆ. ಶನಿವಾರ ಧರಣಿ.
ನಮ್ಮ ಬೀದಿಯ ನೀರಿಗೆ ನಮ್ಮ ಬೀದಿಯಲ್ಲಿ ಕೂರುವಂತಿಲ್ಲ,
ಫ್ರೀಡಂ ಪಾರ್ಕಿಗೇ ಹೋಗಬೇಕು. ಹಳೇ ಜೈಲು.
ಈ ಊರಲ್ಲಿ ಬಾಯಿ ಬಿಡಬೇಕೆಂದರೆ
ಮೊದಲು ಜೈಲಿನೊಳಗೆ ನಡೆಯಬೇಕು.

ವಕೀಲ ಪಿಳ್ಳಪ್ಪ ಲಿಸ್ಟು ಬರೆಯುತ್ತ
ಅವಳ ಹೆಸರಿಗೆ ಪೆನ್ನು ನಿಲ್ಲಿಸಿದರು.
'ನೀನು ಬೇಡಮ್ಮ. ನಿನ್ನ ವೀಸಾದಲ್ಲಿ ಓದು ಅಂತಿದೆ.
ಓದು. ಕೂಗು ಅಂತಿಲ್ಲ.
ಯಾರೋ ಫೋಟೋ ಹಿಡಿದು, ದೇಶ ಬಿಡು ಅಂತ ಚೀಟಿ ಬಂದರೆ
ನಾನು ಕರೀ ಕೋಟು ಬಿಚ್ಚಿಟ್ಟು
ನಿನ್ನ ಸೂಟ್‌ಕೇಸು ಹೊರಬೇಕು, ಅಷ್ಟೆ.'
'ನೀರು ಕೇಳೋದು ರಾಜಕೀಯಾನಾ ಸಾರ್?'
ಪಿಳ್ಳಪ್ಪ ಖಾಲಿ ಸಿಂಟೆಕ್ಸಿನ ಕಡೆ ನೋಡಿದರು.
'ಕೇಳೋದಲ್ಲ. ಯಾರನ್ನ ಕೇಳ್ತೀವಿ ಅನ್ನೋದು.'
ಎದುರು ಮನೆಯ ಪುಟ್ಟತಾಯಮ್ಮನಿಗೆ ಇದೊಂದೂ ಕಿವಿಗೆ ಬೀಳಲಿಲ್ಲ:
'ನೀರು ಬೇಕು, ಬರೋಕಾಗಲ್ವಂತಾ? ಅವಳಿಗೇನು ಕೊಂಬಾ?'

ರಾತ್ರಿಯೆಲ್ಲ ಅವಳು ಬೋರ್ಡು ಬರೆದಳು,
ಹದಿನಾಲ್ಕು ರಟ್ಟು, ನೀಲಿ ಪೇಂಟು.
ಬರೆಯಬಹುದಾ ಅಂತ ಪಿಳ್ಳಪ್ಪನವರನ್ನು
ನಾವು ಕೇಳಲಿಲ್ಲ.
ಬೆಳಗ್ಗೆ ವ್ಯಾನು ಹತ್ತುವಾಗ ನನ್ನ ಕೈಗೆ ಬಂದದ್ದು:
ನೀರು ನಮ್ಮ ಹಕ್ಕಿ.

ತಿದ್ದಬಹುದಿತ್ತು. ಡಬ್ಬಿಯಲ್ಲಿ ಬಣ್ಣ ಉಳಿದಿತ್ತು.

ಗೇಟಿನ ಹತ್ತಿರ ಪೇದೆ, ರಾಯಚೂರಿನ ಕಡೆಯವನು,
ಓದಿ ನಕ್ಕ. 'ಯಾರ್ ಬರ್ದಾರ್ರೀ ಯಮ್ಮಾ ಇದನ್ನ?'
'ನಾನು,' ಅಂದೆ. 'ಏಳನೇ ಕ್ಲಾಸು. ಅಷ್ಟೇ ಬರೋದು.'
ಅವನು ಮತ್ತೊಮ್ಮೆ ಓದಿದ, ತುಟಿ ಅಲ್ಲಾಡಿಸುತ್ತ.
'ಇರ್ಲಿ ಬಿಡ್ರೀ. ನಮ್ಮ ಕಡೆಗೂ ಹಾರಿ ಹೋಗ್ಯದ.'

ಮೂರು ಗಂಟೆ ಬಿಸಿಲಲ್ಲಿ ಹಿಡಿದು ನಿಂತೆ.
ಕಣ್ಣು ಮತ್ತೆ ಮತ್ತೆ ನಡುವಿನ ಪದಕ್ಕೇ ಹೋಗುತ್ತಿತ್ತು.
ರೈಲಿಗೆ ನಮ್ಮ ಅಂತಾರೆ, ಊರಿಗೆ ನಮ್ಮ ಅಂತಾರೆ;
ಅವಳು ಟಿಕೆಟ್ ತೊಗೊಂಡು ಹತ್ತುತ್ತಾಳೆ.
ಹದಿನಾಲ್ಕು ರಟ್ಟಿನಲ್ಲೂ ಆ ಒಂದು ಪದಕ್ಕೆ
ಒತ್ತು ತಪ್ಪಿರಲಿಲ್ಲ.

ಸಂಜೆ ಬಂದಾಗ ಗೇಟಿನ ಮುಂದೆ ಗುಡಿಸಿಟ್ಟು
ಹೋದವರ ಮಕ್ಕಳನ್ನು ಕಾಯುತ್ತ ಕೂತಿದ್ದಳು.
'ಕೂಗಿದ್ರಾ ಆಂಟಿ?'
ಗಂಟಲು ಬಿದ್ದುಹೋಗಿತ್ತು. ತಲೆಯಾಡಿಸಿದೆ.

ಹನ್ನೊಂದು ದಿನ ಕಳೆದು, ರಾತ್ರಿ ಎರಡೂ ಮುಕ್ಕಾಲಿಗೆ
ಸಂಪಿನೊಳಗೆ ಸದ್ದು.
ಓದುತ್ತ ಎದ್ದಿದ್ದವಳು ಅವಳೊಬ್ಬಳೇ.
ತಾರಸಿಗೆ ಓಡಿ, ಬೀದಿಗೆ ಬೀದಿಯೇ ಏಳುವ ಹಾಗೆ
ಕೂಗಿದಳು: ನೀರು! ನೀರು!
ಪಿಳ್ಳಪ್ಪನವರ ಮನೆಯಲ್ಲಿ ದೀಪ ಹತ್ತಿತು.
ಸುಮ್ಮನಿರು ಅಂತ ಯಾರೂ ಅನ್ನಲಿಲ್ಲ.

ಅರ್ಧ ಗಂಟೆ ಬಂತು. ಕೆಂಪು ನೀರು.